ಬೆಸುಗೆ ತುಂಬಿದ ಹೆಸರು

ಮೊದಲ ವರ್ಷ ಅವರ ಬಳಿ ದುಡ್ಡಿರಲಿಲ್ಲ.
ಇಡೀ ದೇಶಕ್ಕೆ ಕೊಡುವ ಸಂಗೀತ ಪ್ರಶಸ್ತಿ ಅಂದರು
ತಾಂಬಾಕಾಟಾದ ನನ್ನ ಗೂಡಿಗೆ ತಲೆ ತಗ್ಗಿಸಿ ನುಗ್ಗಿ;
ಹನ್ನೊಂದು ತಂಬೂರಿ, ಗೇಣುದ್ದ, ಹಿತ್ತಾಳೆಯದು,
ಅರ್ಧ ಮುಂಗಡ, ಇನ್ನರ್ಧ ಸಮಾರಂಭ ಮುಗಿದ ಮೇಲೆ.
ತಂತಿ ಹಾಕಲೇ ಅಂದೆ.
ಅದಕ್ಕೆ ಬೇರೆ ರೇಟೇ? ಕಾರ್ಯದರ್ಶಿ ದಿಘೆ ಕನ್ನಡಕ ಒರೆಸಿಕೊಂಡರು.
ಬೇರೆ ಅಂದೆ.
ಹಾಗಾಗಿ ದೇಶದ ಮೊದಲ ಹನ್ನೊಂದು ಮಂದಿ
ತಂತಿಯಿಲ್ಲದ ತಂಬೂರಿ ಬಗಲಲ್ಲಿಟ್ಟು
ಕೊನೆಯ ಲೋಕಲ್ ಹಿಡಿದರು.

ಹೆಸರು ಕೆತ್ತುವುದು ನನ್ನ ಕಸುಬು.
ಕಾರ್ಕಳದಲ್ಲಿ ಅಪ್ಪ ಮದುವೆ ಕೊಡಪಾನಗಳಿಗೆ ಹಿಡಿದ ಉಳಿ
ಇಲ್ಲಿಗೆ ಬಂದು ದೇವನಾಗರಿ ಕಲಿತಿತ್ತು.
ಅರಗು ಹಚ್ಚಿದ ಲಕೋಟೆ ಎರಡು ದಿನ ಮೊದಲೇ ಬರುತ್ತಿತ್ತು.
ಗೆದ್ದವರಿಗಿಂತ ಮೊದಲೇ ಅವರು ಗೆದ್ದದ್ದು ಗೊತ್ತಿದ್ದವ
ಈ ಬೀದಿಯಲ್ಲಿ ನಾನೊಬ್ಬನೇ
(ಚಹಾದ ಹುಡುಗನೂ ನೋಡುತ್ತಿದ್ದ, ಅವನಿಗೆ ಓದು ಬರುತ್ತಿರಲಿಲ್ಲ).
ಹೆಂಡತಿಗೂ ಬಾಯಿ ಬಿಡಲಿಲ್ಲ. ಅವಳು ಕೇಳಲೂ ಇಲ್ಲ.
ಬಾಕಿ ಅರ್ಧ ಎಂದು ಬರುತ್ತದೆ, ಅದಷ್ಟೇ ಕೇಳಿದಳು.

ಎರಡನೇ ವರ್ಷ ನನಗೂ ಒಂದು ಪಾಸು ಸಿಕ್ಕಿತು.
ಪರೇಲಿನ ಸಭಾಂಗಣ, ಗಿರಣಿಯಿಂದ ಹಾಗೇ ಬಂದವರ
ತಲೆಗೂದಲಲ್ಲಿ ಇನ್ನೂ ಹತ್ತಿಯ ಎಳೆ.
ನಡುವೆ ಕರೆಂಟು ಹೋಯಿತು. ಭಾಷಣ ನಿಂತಿತು, ಹಾಡು ನಿಲ್ಲಲಿಲ್ಲ.
ಕತ್ತಲಲ್ಲಿ ಒಂದು ಗಂಧಾರ ಎಷ್ಟು ಹೊತ್ತು ನಿಂತಿತ್ತೆಂದರೆ
ನನ್ನ ಪಕ್ಕದವನು ಬೀಡಿ ಹಚ್ಚಲು ಗೀರಿದ ಕಡ್ಡಿ
ಬೆರಳಿಗೆ ಬಂದು ಸುಟ್ಟಿತು.

ಹಾಡಿದಾಕೆ ನೀಲಗಂಗವ್ವ ಹೊಳಿ, ಗೋಕಾಕದ ಕಡೆಯವರು.
ನಾಗರಿಯಲ್ಲಿ ಹ್ರಸ್ವ ಒಕಾರ ಇಲ್ಲ, ನಾನೇನು ಮಾಡಲಿ?
ಇದ್ದ ದೀರ್ಘವನ್ನೇ ಕೆತ್ತಿದ್ದೆ.
ಮರುದಿನ ಹುಡುಕಿಕೊಂಡು ಬಂದು ಕಟ್ಟೆಯ ಮೇಲೆ ಕೂತು ನಕ್ಕರು:
'ನನ್ನ ಹೊಳಿ ಒಯ್ದು ಹೋಳಿ ಮಾಡೀರಲ್ಲೋ ತಮ್ಮಾ!
ಇರಲಿ ಬಿಡು, ನೀರಿಗೆ ಬಣ್ಣ ಹತ್ತೀತು, ನಿಲ್ಲೂದಿಲ್ಲ.'
ತಿದ್ದಿ ಕೊಡುತ್ತೇನೆಂದರೂ ಕೊಡಲಿಲ್ಲ.

ಮೂರನೇ ವರ್ಷದ್ದನ್ನು ಹೇಳಬೇಕೋ ಬೇಡವೋ.
ಹನ್ನೊಂದೂವರೆ ರಾತ್ರಿ, ಬೀಗದಂಗಡಿಯ ಫೋನಿಗೆ ದಿಘೆ.
ಪಕ್ಕವಾದ್ಯದ್ದು, ಅಂದರು. ಹೆಸರು ಬದಲು. ಬೆಳಿಗ್ಗೆ ಬೇಕು.
ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಉಗುಳು ನುಂಗಿದರು.
ದತ್ತಾರಾಮ ಮಾಂಜ್ರೇಕರ, ಹಾರ್ಮೋನಿಯಂ:
ಹಿಂದಿನ ದಿನವಷ್ಟೇ ಒಂದೊಂದೇ ಅಕ್ಷರ ಕೂರಿಸಿದ್ದೆ.
ಅದೇ ಗೀರುಗಳಿಗೆ ಬೆಸುಗೆ ಸುರಿದೆ, ಅರ ಹಾಕಿದೆ, ತಿಕ್ಕಿದೆ,
ಮೇಲೆ ಕೊರೆದೆ: ಅಝ್ಮತ್ ಝರೀಫ್, ಸಾರಂಗಿ.
ವೇದಿಕೆಯ ದೀಪದಲ್ಲಿ ಥಳಥಳ ಹೊಳೆಯಿತು, ಯಾರಿಗೂ ಕಾಣಲಿಲ್ಲ.
ಹಿಂದಿನ ಸಾಲಿನಲ್ಲಿ ದತ್ತಾರಾಮ ಎಲ್ಲರಿಗಿಂತ ಜೋರಾಗಿ
ಚಪ್ಪಾಳೆ ತಟ್ಟುತ್ತಿದ್ದ.

ಮುಂದಿನ ವರ್ಷ ಗಾಜಿನ ಫಲಕ ಬಂತು, ಪ್ರಾಯೋಜಕರು ಬಂದರು,
ಅಂಟಿಸುವ ಹೆಸರು ಬಂತು. ನಾನು ಮತ್ತೆ ಕೊಡಪಾನಕ್ಕೆ ಮರಳಿದೆ.

ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ
ಮುದುಕರೊಬ್ಬರು ಚೀಲದಿಂದ ತಂಬೂರಿ ತೆಗೆದಿಟ್ಟರು.
ಹಿತ್ತಾಳೆ ಕಪ್ಪಿಟ್ಟಿತ್ತು. ಬೆಸುಗೆ ಕಪ್ಪಿಡುವುದಿಲ್ಲ.
ಝರೀಫರ ಹೆಸರಿನಡಿ ಬೂದಿಬಣ್ಣದಲ್ಲಿ
ಒಂದು 'ದ', ಅರ್ಧ 'ತ್ತ', ಬಾಲದಂತೆ 'ರಾ'.
ಸಾರಂಗಿಯವರು ತಂತಿಯನ್ನು ಉಗುರಿನ ಬುಡದಲ್ಲಿ ಒತ್ತುತ್ತಾರೆ,
ಆ ಬುಡದಿಂದಲೇ ಅವರು ಅಕ್ಷರ ಸವರಿದರು.
'ಮೊದಲ ರಾತ್ರಿಯೇ ತಾಕಿತ್ತು. ಯಾರೆಂದು ಗೊತ್ತಾಗಿರಲಿಲ್ಲ.'
ನಾನು ತಲೆಯೆತ್ತಲಿಲ್ಲ.
'ಆ ವರ್ಷ ಅವನ ಮಾರವಾ ಕೇಳಿದ್ದಿರಾ?'
ಇಲ್ಲ ಅಂದೆ.
'ನಾನು ಕೇಳಿದ್ದೆ,' ಅಂದರು. ಚಹಾ ಬಂತು. ಆರಿತು.

ಕೈ ಸುಮ್ಮನಿರದೆ ಹುಣಸೆಹಣ್ಣಿನ ಬಟ್ಟಲಿಗೆ ಚಾಚಿದೆ,
ಬೆಳಗಿ ಕೊಡೋಣವೆಂದು.
ಅವರು ನನ್ನ ಮಣಿಕಟ್ಟು ಹಿಡಿದರು:
'ಬೇಡ. ಇನ್ನೂ ಒಂದಕ್ಷರ ಮೇಲೆ ಬರಬೇಕು.'