ಅಳತೆ ಪುಸ್ತಕ

ಚೌಕಿಪೇಟೆಯ ನನ್ನ ಅಂಗಡಿಯಲ್ಲಿ
ನಲವತ್ತೆರಡು ವರ್ಷದ ಅಳತೆ ಪುಸ್ತಕಗಳಿವೆ.
ಎಣ್ಣೆ ಕೈಯಲ್ಲಿ ಮುಟ್ಟಬೇಡಿ.

ಇಲ್ಲಿ ನೋಡಿ: ಕೊಟ್ರೇಶಿ, ಕಾಟನ್ ಮಿಲ್ಲು,
ಸೊಂಟ ಇಪ್ಪತ್ತೆಂಟು.
ರಾತ್ರಿ ಪಾಳಿ ಮುಗಿಸಿ ನಡೆದೇ ಬರುತ್ತಿದ್ದ,
ಬುತ್ತಿಯಲ್ಲಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ.
ಬೆಣ್ಣೆದೋಸೆ ಸಂಬಳದ ದಿನ ಮಾತ್ರ,
ಅದೂ ಒಂದೇ,
ಅರ್ಧ ಹೆಂಡತಿಗೆ ಕಟ್ಟಿಸಿಕೊಂಡು.

ಮಿಲ್ಲಿನ ಸೈರನ್ ನಿಂತಿತು.
ಮುಂದಿನ ಪುಸ್ತಕದಲ್ಲಿ ಮೂವತ್ತಾರು.
ಹಸಿವು ಹೆಚ್ಚಿದ್ದಲ್ಲ ಸ್ವಾಮಿ, ಕೂರುವುದು ಹೆಚ್ಚಿತು.
ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಹನ್ನೆರಡು ತಾಸು;
ನಾಲ್ಕಕ್ಕೆ ಚಾ, ಚಾದ ಜೊತೆ ಮಂಡಕ್ಕಿ,
ಮಂಡಕ್ಕಿಗೆ ಮೆಣಸಿನಕಾಯಿ,
ಅದರ ಖಾರಕ್ಕೆ ಮತ್ತೊಂದು ಚಾ, ಸಕ್ಕರೆ ಜಾಸ್ತಿ.
ಮನೆಯಲ್ಲಿ ನವಣೆ ಹೋಗಿ ಪಾಲಿಶ್ ಅಕ್ಕಿ,
ಗಾಣದ ಕುಸುಬೆಎಣ್ಣೆ ಹೋಗಿ ಪಾಕೆಟ್ಟು.
ನನ್ನ ಮನೆಯಲ್ಲೂ ಅಷ್ಟೇ.
ನನ್ನ ಅಳತೆ ಯಾವ ಪುಸ್ತಕದಲ್ಲೂ ಇಲ್ಲ,
ಲಾಡಿ ಪೈಜಾಮ ಹೊಲಿದುಕೊಳ್ಳುತ್ತೇನೆ.

ಮೊನ್ನೆ ಮೊಮ್ಮಗನನ್ನು ಕರೆತಂದಿದ್ದ,
ಆರನೇ ಕ್ಲಾಸು, ಯೂನಿಫಾರಂ.
ಟೇಪು ಸುತ್ತಿದೆ. ಹುಡುಗ ಉಸಿರೆಳೆದು
ಹೊಟ್ಟೆ ಒಳಗೆ ಮಾಡಿ ನಿಂತ,
ಮುಷ್ಟಿಯಲ್ಲಿ ಐದು ರೂಪಾಯಿಯ ಚಿಪ್ಸು.
‘ಎಷ್ಟು ಬಂತು, ಅಜ್ಜಾ?’

ಹಿಂದೆಲ್ಲ ಅಳತೆ ಕೂಗಿ ಹೇಳುತ್ತಿದ್ದೆ,
ಬರೆದುಕೊಳ್ಳುವವನ ಜೊತೆ ಬೀದಿಗೂ ಕೇಳುತ್ತಿತ್ತು.
ಈಗ ನಾನೇ ಬರೆದುಕೊಳ್ಳುತ್ತೇನೆ.
‘ಹೋದ ವರ್ಷದಷ್ಟೇ’ ಅಂದೆ.
ಮೂವತ್ನಾಲ್ಕು ಎಂದು ಬರೆದೆ.
ಕೊಟ್ರೇಶಿ ಪುಟದ ಕಡೆ ಒಮ್ಮೆ ನೋಡಿ
ಕನ್ನಡಕ ತೆಗೆದು ಜೇಬಿಗಿಟ್ಟ.

ಒಳಮಡಿಕೆಯಲ್ಲಿ ಎರಡಿಂಚು ಬಟ್ಟೆ ಬಿಟ್ಟಿದ್ದೇನೆ,
ಬಿಡದೆ ಇರಬಹುದಿತ್ತೇನೋ.
ಮೆಟ್ಟಿಲಿಳಿದು ಇಬ್ಬರೂ ಆಟೋ ಕೂಗಿದರು.
ಅವರ ಮನೆ
ಎರಡು ಬೀದಿ ಆಚೆ.