ಎಸರಿಗೆ ಬೀಳುವ ಮೊದಲು

ಚಂಫೈಯ ಇಳಿಜಾರಿನಲ್ಲಿ ನಮ್ಮ ಮನೆಗಳು
ಒಂದರ ಹೆಗಲ ಮೇಲೊಂದು ಕಾಲಿಟ್ಟು ನಿಂತಿವೆ.
ಶನಿವಾರ ಸಂಜೆ ಚೀಲ ಹೊತ್ತು ಹತ್ತುವವಳು ನಾನು,
ಇಪ್ಪತ್ತೆರಡು ವರ್ಷದಿಂದ, ಮೂವತ್ತೊಂದು ಮನೆ.
ಬಾಗಿಲು ಬಡಿಯುವುದಿಲ್ಲ. ಕೆಮ್ಮುತ್ತೇನೆ.
ಒಳಗಿಂದ ಡಬ್ಬಿಯ ಸದ್ದು ಬರುತ್ತದೆ.

ಇಲ್ಲಿ ಹೊತ್ತಿಗೊಂದು ಹಿಡಿ ಅಕ್ಕಿ ದೇವರದು.
ತೊಳೆಯುವ ಮೊದಲು, ಎಸರಿಗೆ ಬೀಳುವ ಮೊದಲು,
ಯಾರಿಗೆಷ್ಟು ಎಂದು ಲೆಕ್ಕ ಹಾಕುವ ಮೊದಲು.
ಉಂಡು ಮಿಕ್ಕಿದ್ದು ಹಂದಿಗೆ;
ಮಿಕ್ಕುತ್ತದೋ ಇಲ್ಲವೋ ತಿಳಿಯುವ ಮುನ್ನ
ತೆಗೆದಿಟ್ಟದ್ದು ಅವನಿಗೆ.

ಅಕ್ಕಿ ನೋಡಿ ಮನೆ ಹೇಳಬಲ್ಲೆ.
ಜೊಥಾನ್‌ಪುಯಿಯದು ಗದ್ದೆಯ ಹೊಸ ಅಕ್ಕಿ, ಹಾಲಿನ ವಾಸನೆ.
ಮೇಷ್ಟ್ರು ಹ್ಮಿಂಗ್‌ಲಿಯಾನರದು ರೇಷನ್ನಿನದು, ಕಲ್ಲು ಆರಿಸಿದ್ದು.
ಒಂದು ಮನೆಯಿಂದ ವಾರವಾರವೂ ನುಚ್ಚು.
ಹೆಸರು ನಾನು ಹೇಳುವುದಿಲ್ಲ;
ತಳಕ್ಕಿಳಿದು ಚೀಲದ ಮೂಲೆ ಹಿಡಿದು ಕೂತಿರುತ್ತದೆ, ಪಾಪ.
ಕಣ್ಣು ಕಾಣದ ರೊಛುಂಗಿಯಜ್ಜಿಗೆ ಮೂರು ಬೆರಳು ಮಡಚುವುದಿಲ್ಲ,
ಹಿಡಿದದ್ದರಲ್ಲಿ ಅರ್ಧ ನೆಲಕ್ಕೆ.
‘ಗುಡಿಸಬೇಡ, ಬಿದ್ದದ್ದೂ ಅವನದೇ’ ಎಂದು
ತಡವಿ ತಡವಿ ಒಂದೊಂದೇ ಕಾಳು ಹೆಕ್ಕುತ್ತಾಳೆ.
ನಾನು ಕಾಯುತ್ತೇನೆ. ಮಂಜು ಹತ್ತಿ ಬರುತ್ತದೆ.

ಪೂರ್ತಿ ಹೃದಯ ಕೊಡಿ, ಅನ್ನುತ್ತಾರೆ ಪಾಸ್ಟರು.
ಮುಂದಿನ ಬೆಂಚಿನಲ್ಲಿ ಕೂತು ತಲೆಯಾಡಿಸುತ್ತೇನೆ.
ನಿಮಗೊಂದು ಮಾತು ಹೇಳಬೇಕು.

ಗಂಡನ ಲಾರಿ ಸೆಲಿಂಗಿನ ತಿರುವಿನಲ್ಲಿ ಉರುಳಿದ ವರ್ಷ
ಹನ್ನೊಂದು ತಿಂಗಳು ನನ್ನ ಡಬ್ಬಿ ಖಾಲಿಯಿತ್ತು.
ಊರವರ ಅಕ್ಕಿ ಹೊತ್ತೆ, ತೂಗಿದೆ, ಬರೆದೆ;
ನನ್ನ ಹೆಸರಿನ ಮುಂದೆಯೂ ಒಂದು ಅಂಕಿ ಬರೆದೆ.
ಹಾಡಿದೆ. ಡೋಲಿನ ಏಟಿಗೆ ಹೆಜ್ಜೆಯನ್ನೂ ಹಾಕಿದೆ.
ರಾತ್ರಿ ಮಾತ್ರ ಅವನಿಗೆ ಅಂದೆ:
ನನ್ನ ಪಾಲಿನ ಹಿಡಿಯನ್ನು ಕೇಳದೆಯೇ ತೆಗೆದುಕೊಂಡೆಯಲ್ಲ,
ಸಾಕು. ಲೆಕ್ಕ ಚುಕ್ತಾ.

ಆಮೇಲೊಂದು ಮಂಗಳವಾರ, ವಿಶೇಷವೇನಿಲ್ಲ,
ಮಗಳಿಗೆ ಸ್ಕೂಲಿಗೆ ತಡವಾಗಿತ್ತು,
ಎಸರು ಕುದಿಯುತ್ತಿತ್ತು. ನೋಡುತ್ತೇನೆ,
ಬಲಗೈ ತನ್ನಷ್ಟಕ್ಕೆ ತಾನೇ ಒಂದು ಹಿಡಿ ತೆಗೆದು
ಬಿಗಿಯಾಗಿ ಮುಚ್ಚಿಕೊಂಡು ನಿಂತಿದೆ!
ನಾನು ಹೇಳಿರಲಿಲ್ಲ. ಅಮ್ಮನ ಕೈಯೋ, ಅವಳಮ್ಮನದೋ.
ಡಬ್ಬಿಗೆ ಹಾಕಲಾರೆ, ಅಷ್ಟು ದೊಡ್ಡ ಮನಸ್ಸಿಲ್ಲ;
ಪಾತ್ರೆಗೆ ಸುರಿಯಲಾರೆ, ಅಷ್ಟು ಧೈರ್ಯವಿಲ್ಲ.
ಎಸರು ಉಕ್ಕಿ ಗ್ಯಾಸಿನ ಉರಿ ಆರಿಹೋಯಿತು.

‘ಕೈಯಲ್ಲೇನು?’ ಎಂದಳು ಮಗಳು.
ಏನೆಂದು ಹೇಳಲಿ.
ಹಿಂದಿನ ದಿನವಷ್ಟೆ ಅವಳಿಗೆ ಪಾಠವಾಗಿತ್ತಂತೆ:
ಒಬ್ಬೊಬ್ಬರ ಹೃದಯ ಅವರವರ ಮುಷ್ಟಿಯಷ್ಟು.
ತನ್ನ ಮುಷ್ಟಿಯನ್ನು ನನ್ನದರ ಪಕ್ಕಕ್ಕೆ ಹಿಡಿದು
‘ನಿನ್ನದು ಇಷ್ಟು’ ಅಂದಳು,
ಹಾಲು ಕುಡಿಯದೆ ಓಡಿದಳು.

ಖಾಲಿ ತಗಡಿನ ಮೇಲೆ ಒಂದು ಹಿಡಿ ಅಕ್ಕಿ
ಅಷ್ಟು ಗದ್ದಲ ಮಾಡುತ್ತದೆಂದು ಗೊತ್ತಿರಲಿಲ್ಲ.
ಪಕ್ಕದ ಮನೆಗೆ ಕೇಳಿಸಿತೇನೋ ಎಂದು ನಾಚಿದೆ.

ಪೂರ್ತಿ ಕೊಟ್ಟೆನೆಂದು ಇಂದಿಗೂ ಹೇಳಲಾರೆ.
ಕೋಪ ಇನ್ನೂ ಇದೆ, ಅಕ್ಕಿಯಲ್ಲಿ ಕಲ್ಲಿದ್ದಂತೆ;
ಆರಿಸುತ್ತೇನೆ. ಕೆಲವು ಕೈತಪ್ಪುತ್ತವೆ.
ಅವನ ಹಲ್ಲಿಗೇ ಸಿಗಲಿ.
ಬರೆದ ಸುಳ್ಳು ಅಂಕಿಗಳನ್ನು ಹೊಡೆದುಹಾಕಿಲ್ಲ,
ಹೊತ್ತಿಗೊಂದು ಹಿಡಿ ಹೆಚ್ಚಿಗೆ ಹಾಕಿ ತೀರಿಸುತ್ತಿದ್ದೇನೆ.
ಯಾರಿಗೂ ಹೇಳಿಲ್ಲ; ಮಗಳು ಮಾತ್ರ
ಅನ್ನ ಯಾಕೋ ಕಡಿಮೆ ಅನ್ನುತ್ತಾಳೆ.

ಮೂವತ್ತೊಂದನೆಯದು ನನ್ನ ಮನೆ.
ಬೀಗದ ಕೈ ಸೊಂಟದಲ್ಲೇ ಇರುತ್ತದೆ.
ಆದರೂ ಹೊರಗೆ ನಿಂತು,
ಚೀಲ ಇಳಿಸಿ,
ಒಮ್ಮೆ ಕೆಮ್ಮುತ್ತೇನೆ.