ಬಿನ್‌ಪಗಾರಿ

ಉದ್ಯಮಬಾಗದ ಫೌಂಡ್ರಿಯೊಳಗ
ಹನ್ನೊಂದು ವರ್ಷ ನನ್ನ ಕೆಲಸ ಒಂದ:
ತಣ್ಣಗಾದ ಬೀಡಿನ ಮೈ ಮುಟ್ಟಿ ನೋಡೂದು,
ಎಲ್ಲಿ ಗಾಳಿಗುಳ್ಳಿ ಅಡಗೇತಿ, ಎಲ್ಲಿ ಕೂದಲೆಳಿ ಬಿರುಕು.
ಸರಿ ಇದ್ರ ಹಸಿರು ಚುಕ್ಕಿ, ಇಲ್ಲಂದ್ರ ಕೆಂಪು.

ಹಸಿರು ಬಿದ್ದವು ಕಟಗಿ ಪೆಟಗಿಯೊಳಗ ಕುಂತು
ಹಡಗ ಹತ್ತತಿದ್ವು.
ಪೆಟಗಿ ಮ್ಯಾಲಿನ ಊರ ಹೆಸರು ನನಗ ಬಾಯಿಪಾಠ:
ಇಜ್ಮೀರ್, ಗ್ಡಾನ್‌ಸ್ಕ್, ವಾಲ್ಪರೈಸೊ.
ಅವಕ್ಕ ಪಾಸ್‌ಪೋರ್ಟ್ ಬೇಕಿರಲಿಲ್ಲ.
ನಾ ಮಾತ್ರ ಮೂರನೇ ಗೇಟ್ ಬಿದ್ದಾಗೆಲ್ಲ
ಸ್ಕೂಟಿ ಬಂದ್ ಮಾಡಿ
ಮಿರಜ ಗಾಡಿ ಡಬ್ಬಿ ಎಣಸತಿದ್ದೆ.

ಸೂಟಿ ಫಾರ್ಮಿನ್ಯಾಗ ಕಾರಣಕ್ಕ ಐದು ಚೌಕ:
ಮದುವಿ, ಬಾಣಂತನ, ಜಡ್ಡು, ಸಾವು, ಇತರೆ.
ಇತರೆದ ಮುಂದ ಬರದೆ: ಜಗತ್ತು ತಿರಗೂದೈತಿ. ಒಂದು ವರ್ಷ. ಬಿನ್‌ಪಗಾರಿ.
ಮುನವಳ್ಳಿ ಸಾಹೇಬ್ರು ಚಷ್ಮಾ ತಗದ್ರು.
"ಯಾರ ಜೋಡಿ?"
"ಒಬ್ಬಾಕಿನ."
"ಅಲ್ಲವಾ, ಯಾಕ?"
ಅದಕ್ಕ ಚೌಕ ಇರಲಿಲ್ಲ.

ಲಾರಿ ತಾಡಪಾಲು ಹೊಲಿಯೂ ಮಕಾನದಾರ ಚಾಚಾ
ಉಳದ ತುಂಡಿನ್ಯಾಗ ಬೆನ್ನಚೀಲ ಹೊಲದ.
"ಮೂರು ಮಳಿಗಾಲ ಗ್ಯಾರಂಟಿ,
ಆಮ್ಯಾಲ ನಿನ್ನ ನಸೀಬ."
ಅವ್ವ ನಕಾಶೆ ಕಡಿ ನೋಡಲಿಲ್ಲ. ಕಟಕ ರೊಟ್ಟಿ ಕಟ್ಟಕೋತ ಅಂದ್ಲು,
"ಹೊತ್ತು ಮುಣಗೂದ್ರೊಳಗ ಉಣ್ಣು ತ್ರಿಶಲಾ.
ಮಳಿಗಾಲ ನಾಕು ತಿಂಗಳು ಒಂದ ಊರಾಗ ನಿಂದರು,
ಮುನಿಗಳೂ ನಿಂದರತಾರ."

ನಾರ್ವೆಯ ಬಡಗಣ ತುದಿ. ಜೂನ್ ತಿಂಗಳು.
ನಡುರಾತ್ರಿ ಸೂರ್ಯ ಸಮುದ್ರದ ದಂಡಿ ಮ್ಯಾಲ ಕುಂತಾನ, ಇಳಿಯಾಕ ಒಲ್ಲ.
ಕಡೀ ರೊಟ್ಟಿ ಮುರಕೋತ ಅವ್ವಗ ಫೋನ್ ಹಚ್ಚಿದೆ:
"ಇನ್ನೂ ಹೊತ್ತು ಮುಣಗಿಲ್ಲವಾ, ಉಣ್ಣಾಕತ್ತೇನಿ."
ಶಹಾಪುರದಾಗ ಆಗ ಬೆಳಗಿನ ಮೂರುವರಿ.
ಭಾಳ ಹೊತ್ತು ಸುಮ್ಮಿದ್ಲು.
"ನೀರರ ಸೋಸಿ ಕುಡಿ" ಅಂದ್ಲು.

ಹೋದಲ್ಲೆಲ್ಲ ಹುಡಕೀನಿ,
ಟ್ರ್ಯಾಕ್ಟರ್ ಕಂಡಲ್ಲಿ ಬಗ್ಗಿ ಇಣಕೀನಿ.
ಇಜ್ಮೀರ ಹಾದಿಯ ಟೊಮೇಟೊ ಹೊಲದಾಗ
ಡೀಸೆಲ್ ಕಳ್ಳಿ ಅಂತ ಮುದುಕ ಬಡಿಗಿ ಹಿಡದು ಬಂದ.
ನನ್ನ ಮಾತು ಅವಗ ತಿಳೀದು, ಅವಂದು ನನಗ.
ಒಂದು ಬೆರಳು ಬೀಡಿನ ಮ್ಯಾಲ ಇಟ್ಟೆ, ಇನ್ನೊಂದು ಕೈ ನನ್ನ ಎದಿ ಮ್ಯಾಲ.
ಬಡಿಗಿ ಒಗದು ಚಹಾ ತಂದ.
ನನ್ನ ಚುಕ್ಕಿ ಎಲ್ಲೂ ಸಿಗಲಿಲ್ಲ.
ಎಲ್ಲಾರೂ ಬಣ್ಣ ಬಳದಿದ್ರು.

ಬಂದಾಗ ನನ್ನ ಜಾಗಾದಾಗ ಒಂದು ಕ್ಯಾಮೆರಾ,
ಅದರ ಬಾಜೂಕ ಒಂದು ಹುಡುಗ.
ಮಚ್ಛೆದೊಂದು ಫ್ಯಾಕ್ಟರಿಗಿ ಹೋದೆ. ಕಾಗದ ತಿರುವಿ ಕೇಳಿದ್ರು,
"ಇಲ್ಲೊಂದು ವರ್ಷ ಗ್ಯಾಪ್ ಐತಲ್ಲ?"

ಗ್ಯಾಪ್ ನನಗ ಹೊಸಾ ಮಾತಲ್ಲ.
ಶಾಫ್ಟಿಗೂ ಬುಷಿಗೂ ನಡುವ ಕೂದಲೆಳಿಯಷ್ಟು ಸಂದು ಬಿಡಬೇಕು,
ಇಲ್ಲಂದ್ರ ಎಣ್ಣಿಗಿ ಹಾದಿಲ್ಲ,
ತಿರುಗೂದು ಕಚ್ಚಕೊಂಡು ನಿಂದರತೈತಿ.
ಗಾಳಿಗುಳ್ಳೀನೂ ಗ್ಯಾಪೇ ಮತ್ತ.
ಒಳಗ ಇರತೈತಿ, ಹೊರಗ ಗೊತ್ತಾಗೂದಿಲ್ಲ,
ಭಾರ ಬಿದ್ದ ದಿವಸ ಒಡೀತೈತಿ.
ನಂದು ಯಾವುದು?
ಬೊಲಿವಿಯಾದ ಬಸ್‌ಸ್ಟ್ಯಾಂಡಿನ್ಯಾಗ ಒಂದು ರಾತ್ರಿ
ಫೌಂಡ್ರಿಯ ಸುಟ್ಟ ಉಸುಕಿನ ವಾಸನಿ ನೆನಸಿ ಅತ್ತಾಕಿ ನಾ,
ಏನಂತ ಹೇಳಲಿ?

ಅವರು ಕಾಯಾಕತ್ತಿದ್ರು.
ಟೇಬಲ್ ಮ್ಯಾಲ ಕಾಗದ ಹಾರದಂಗ ಒಂದು ವಾಲ್ವಿನ ತುಂಡು ಇಟ್ಟಿದ್ರು.
ಕೈ ತಾನ ಎತ್ತಿತು, ಹೆಬ್ಬೆರಳು ತಾನ ಸವರಿತು.
ಅಂಚಿನ ಕೆಳಗ, ಸಾಸಿವಿಯಷ್ಟು.
"ಇದು ರಿಜೆಕ್ಟ್ ರೀ ಸರ್" ಅಂದೆ.

ಅಷ್ಟರಾಗ ಪಂಖಾದ ಗಾಳಿಗಿ
ನನ್ನ ಬಯೋಡಾಟಾ ಎದ್ದು
ಬಾಗಲ ಕಡಿ ಹೊಂಟಿತ್ತು.